ಜೋರಾಗಿ ಓಡುವ ಹುಡುಗಿಗೆ ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ 15 ವರ್ಷ. 800 ಮೀಟರ್ ಓಟದಲ್ಲಿ ಜಿಲ್ಲೆಗೆ ಮೊದಲು ಬಂದಳು. ಕಪ್ಪು ಬಣ್ಣ, ಎತ್ತರ, ಗಟ್ಟಿ ಮೈಕಟ್ಟು, ಧ್ವನಿ ಸ್ವಲ್ಪ ದಪ್ಪ. ಬಹುಮಾನ ಕೊಡುವ ಹೊತ್ತಿಗೆ ಬೇರೆ ಶಾಲೆಯ ಕೋಚ್ ಒಬ್ಬರು, 'ಇವಳು ಹುಡುಗಿನೇನಾ? ಜೀನ್ ಟೆಸ್ಟ್ ಬಂದಿದೆಯಲ್ಲ, ಮಾಡಿಸಿ' ಅಂದರು. ಅವಳಿಗೆ ಕೇಳಿಸಿತು. ಒಂದು ವಾರದಿಂದ ಮೈದಾನಕ್ಕೆ ಬಂದಿಲ್ಲ. ಏನಿದು ಟೆಸ್ಟ್? ನಾವು ಮಾಡಿಸಬೇಕಾ? ಇಂಥ ಸುದ್ದಿಯಲ್ಲಿ ಯಾವಾಗಲೂ ಆಫ್ರಿಕಾದವರು, ನಮ್ಮ ದೇಶದವರೇ ಯಾಕೆ ಇರುತ್ತಾರೆ?

ಉತ್ತರ: ಮೇಡಂ, ನಿಮ್ಮ ನಡುವಿನ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ಮಾಡಿಸಬೇಡಿ. ಶಾಲಾ ಕ್ರೀಡಾಕೂಟದಲ್ಲಿ ನೋಡುವುದು ವಯಸ್ಸಿನ ದಾಖಲೆ. ಇನ್ನೊಂದು ಶಾಲೆಯ ಕೋಚ್‌ಗೆ ಯಾವ ಹುಡುಗಿಯ ಮೈಯನ್ನೂ ಪರೀಕ್ಷೆ ಮಾಡಿಸಿ ಎಂದು ಹೇಳುವ ಹಕ್ಕಿಲ್ಲ. ಅವರು ಕೇಳಿದರು ಎಂಬ ಕಾರಣಕ್ಕೆ ನೀವು ಅವಳನ್ನು ಲ್ಯಾಬ್‌ಗೆ ಕರೆದುಕೊಂಡು ಹೋದರೆ, ಅವರ ಅನುಮಾನಕ್ಕೆ ನೀವೇ ಮೊಹರು ಒತ್ತಿದ ಹಾಗೆ ಆಗುತ್ತದೆ.

ಇವತ್ತೇ ಅವಳ ಮನೆಗೆ ಹೋಗಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಾನು ಹಾರ್ಮೋನ್ ಡಾಕ್ಟರು. ಮುಟ್ಟಾಗದ ಹುಡುಗಿಯರು, ಮೀಸೆ ಬಂತು ಎಂದು ಅಳುವ ಹುಡುಗಿಯರು, ಮದುವೆಗೆ ಮುಂಚೆ ಗುಟ್ಟಾಗಿ ಅಮ್ಮನ ಜೊತೆ ಬರುವ ಹುಡುಗಿಯರು, ಇವರನ್ನು ದಿನವೂ ನೋಡುತ್ತೇನೆ. ಅವರಲ್ಲಿ ಆಟ ಆಡುವವರೂ ಇರುತ್ತಾರೆ. ಹಾಗಾಗಿ ಈ ವಿಷಯ ನನಗೆ ಪೇಪರಿನಲ್ಲಿ ಓದಿ ಮರೆಯುವಂಥದ್ದಲ್ಲ.

ಈಗ ಆ ಟೆಸ್ಟ್ ಏನು ಅನ್ನುವುದು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2025ರ ಸೆಪ್ಟೆಂಬರ್ 1ರಿಂದ ಒಂದು ನಿಯಮ ತಂದಿತು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರ ವಿಭಾಗದಲ್ಲಿ ಸ್ಪರ್ಧಿಸುವವರು ಜೀವನದಲ್ಲಿ ಒಂದು ಸಲ ಎಸ್‌ಆರ್‌ವೈ ಎಂಬ ಜೀನ್‌ನ ಟೆಸ್ಟ್ ಮಾಡಿಸಬೇಕು. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಎಂಜಲು ತೆಗೆಯುತ್ತಾರೆ, ಇಲ್ಲವೇ ಸ್ವಲ್ಪ ರಕ್ತ. ಅಷ್ಟೇ. ಆ ತಿಂಗಳು ಟೋಕಿಯೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಿಂದಲೇ ಇದು ಜಾರಿಗೆ ಬಂತು. ವಿಶ್ವ ಬಾಕ್ಸಿಂಗ್ ಸಂಸ್ಥೆಯೂ ಅದೇ ವರ್ಷ ಇಂಥದ್ದೇ ನಿಯಮ ಮಾಡಿತು. ನಿಮ್ಮ ಜಿಲ್ಲಾ ಮೈದಾನದ ಆ ಕೋಚ್ ಕಿವಿಗೆ ಬಿದ್ದಿರುವುದು ಈ ಸುದ್ದಿ.

ಎಸ್‌ಆರ್‌ವೈ ಸಾಮಾನ್ಯವಾಗಿ ವೈ ಕ್ರೋಮೋಸೋಮ್‌ನಲ್ಲಿ ಇರುವ ಒಂದು ಜೀನ್. ಗರ್ಭದಲ್ಲಿ ಮೊದಲ ಆರೇಳು ವಾರ ಗಂಡು ಹೆಣ್ಣು ಎಂಬ ಭೇದ ಮೈಯಲ್ಲಿ ಕಾಣುವುದಿಲ್ಲ. ಆಮೇಲೆ ಈ ಜೀನ್ ಸ್ವಿಚ್ ಒತ್ತಿದರೆ ವೃಷಣ ಬೆಳೆಯಲು ಶುರುವಾಗುತ್ತದೆ. ವೃಷಣ ಟೆಸ್ಟೋಸ್ಟೆರೋನ್ ಮಾಡುತ್ತದೆ. ಆ ಹಾರ್ಮೋನ್ ಮೈಯೆಲ್ಲ ಓಡಾಡಿ ಗಂಡಿನ ಲಕ್ಷಣಗಳನ್ನು ತರುತ್ತದೆ. ಹೇಳುವುದಕ್ಕೆ ಸರಳ. ಆದರೆ ಸ್ವಿಚ್ ಒತ್ತಿದ ಮಾತ್ರಕ್ಕೆ ಬಲ್ಬ್ ಉರಿಯಲೇಬೇಕು ಅಂತಿಲ್ಲ, ಅಲ್ವಾ? ನಡುವೆ ಉದ್ದದ ವೈರಿಂಗ್ ಇದೆ. ಎಲ್ಲಿ ಬೇಕಾದರೂ ಬಿಟ್ಟುಹೋಗಬಹುದು.

ಕೆಲವರಲ್ಲಿ ಟೆಸ್ಟೋಸ್ಟೆರೋನ್ ಧಾರಾಳವಾಗಿ ಇರುತ್ತದೆ, ಆದರೆ ಜೀವಕೋಶಗಳು ಅದನ್ನು ಹಿಡಿದುಕೊಳ್ಳುವುದೇ ಇಲ್ಲ. ಕೀಲಿ ಇದೆ, ಬೀಗ ಇಲ್ಲ. ಈ ಮಕ್ಕಳು ಹುಟ್ಟುವಾಗಲೇ ಹೆಣ್ಣು, ಬೆಳೆಯುವುದೂ ಹೆಣ್ಣಾಗಿಯೇ. ಸ್ತನ ಬೆಳೆಯುತ್ತದೆ. ಮುಟ್ಟು ಮಾತ್ರ ಬರುವುದಿಲ್ಲ, ಗರ್ಭಕೋಶ ಇರುವುದಿಲ್ಲ. ಇನ್ನು ಕೆಲವರಲ್ಲಿ ಟೆಸ್ಟೋಸ್ಟೆರೋನನ್ನು ಮುಂದಿನ ರೂಪಕ್ಕೆ ಬದಲಾಯಿಸುವ ಒಂದು ಕಿಣ್ವದ ಕೊರತೆ. ಹುಟ್ಟಿದಾಗ ಹೆಣ್ಣು ಎಂದೇ ಕಾಣುತ್ತದೆ, ಹೆಣ್ಣೆಂದೇ ಹೆಸರಿಡುತ್ತಾರೆ, ಆದರೆ ಹದಿಮೂರು ಹದಿನಾಲ್ಕರ ಹೊತ್ತಿಗೆ ಟೆಸ್ಟೋಸ್ಟೆರೋನ್ ಕೆಲಸ ಶುರುಮಾಡುತ್ತದೆ. ಧ್ವನಿ ಒಡೆಯುತ್ತದೆ, ಮಾಂಸಖಂಡ ಬಲಿಯುತ್ತದೆ. ಇವನ್ನೆಲ್ಲ ಒಟ್ಟಾಗಿ ನಾವು ಡಿಎಸ್‌ಡಿ ಅನ್ನುತ್ತೇವೆ, ಅಂದರೆ ಲಿಂಗ ಬೆಳವಣಿಗೆಯಲ್ಲಿನ ವ್ಯತ್ಯಾಸಗಳು.

ಎಸ್‌ಆರ್‌ವೈ ಟೆಸ್ಟ್ ಸ್ವಿಚ್ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಬಲ್ಬ್ ಉರಿಯಿತೇ ಎಂದು ಹೇಳುವುದಿಲ್ಲ. ಇದು ನನ್ನೊಬ್ಬಳ ತಕರಾರಲ್ಲ. 1990ರಲ್ಲಿ ಈ ಜೀನನ್ನು ಕಂಡುಹಿಡಿದವರಲ್ಲಿ ಪ್ರಮುಖರಾದ ವಿಜ್ಞಾನಿ ಆಂಡ್ರ್ಯೂ ಸಿಂಕ್ಲೇರ್ ಅವರೇ, ಹೀಗೆ ಬಳಸುವುದು ತಪ್ಪು ಎಂದು 2025ರಲ್ಲಿ ಬರೆದರು. ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲೂ, ನಾನು ಮೊದಲು ಹೇಳಿದ ಬೀಗ ಇಲ್ಲದ ಗುಂಪಿನವರಿಗೆ ಆಡಲು ಅವಕಾಶ ಇದೆ. ಅಂದರೆ ಪಾಸಿಟಿವ್ ಬಂದ ಮೇಲೆ ಇನ್ನೂ ಹತ್ತಾರು ಪರೀಕ್ಷೆ ಕಾದಿರುತ್ತವೆ. ಎಂಜಲು ತೆಗೆಯುವುದು ಎರಡು ನಿಮಿಷದ ಕೆಲಸ. ಮುಂದಿನ ತಿಂಗಳುಗಳು ಎರಡು ನಿಮಿಷದವಲ್ಲ.

ಈ ಟೆಸ್ಟ್ ಹೊಸದು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಹೊಸದಲ್ಲ. 1966ರಲ್ಲಿ ಬುಡಾಪೆಸ್ಟ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಮಹಿಳಾ ಕ್ರೀಡಾಪಟುಗಳನ್ನು ವೈದ್ಯರ ಮುಂದೆ ಬೆತ್ತಲೆ ನಿಲ್ಲಿಸಿ ನೋಡಿದರು. ಅದಕ್ಕೆ ಛೀಮಾರಿ ಬಂದ ಮೇಲೆ 1968ರ ಮೆಕ್ಸಿಕೊ ಒಲಿಂಪಿಕ್ಸ್ ಹೊತ್ತಿಗೆ ಕ್ರೋಮೋಸೋಮ್ ಟೆಸ್ಟ್ ತಂದರು. ಪಾಸಾದವರಿಗೆ 'ಹೆಣ್ಣು' ಎಂದು ಸರ್ಟಿಫಿಕೇಟ್ ಕೊಡುತ್ತಿದ್ದರು. ಮುಂದಿನ ಕೂಟಗಳಿಗೆ ಅದನ್ನು ಜೊತೆಗೆ ಒಯ್ಯಬೇಕು.

ಆ ಸರ್ಟಿಫಿಕೇಟನ್ನು ಮನೆಯಲ್ಲಿ ಮರೆತು ಬಂದ ಒಬ್ಬರ ಕಥೆ ಹೇಳುತ್ತೇನೆ. ಮರಿಯಾ ಹೊಸೆ ಮಾರ್ಟಿನೆಸ್ ಪಟಿನ್ಯೊ, ಸ್ಪೇನ್‌ನ ಹರ್ಡಲ್ಸ್ ಓಟಗಾರ್ತಿ. 1983ರಲ್ಲಿ ಹೆಲ್ಸಿಂಕಿಯಲ್ಲಿ ಟೆಸ್ಟ್ ಪಾಸಾಗಿದ್ದರು. 1985ರಲ್ಲಿ ಜಪಾನ್‌ನ ಕೋಬೆಯಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟ. ಸರ್ಟಿಫಿಕೇಟ್ ಇಲ್ಲ ಎಂದು ಮತ್ತೆ ಟೆಸ್ಟ್ ಮಾಡಿದರು. ಈ ಸಲ ವೈ ಕ್ರೋಮೋಸೋಮ್ ಸಿಕ್ಕಿತು. ಗಾಯ ಆಗಿದೆ ಎಂದು ನಟಿಸಲು ಹೇಳಿದರು. ಆ ಹುಡುಗಿ ಗ್ಯಾಲರಿಯಲ್ಲಿ ಕೂತು ತನ್ನ ಓಟವನ್ನು ಬೇರೆಯವರು ಓಡುವುದನ್ನು ನೋಡಿದಳು. ಮುಂದಿನ ವರ್ಷ ಸ್ಪೇನ್‌ನ ರಾಷ್ಟ್ರೀಯ ಕೂಟದಿಂದಲೂ ಸದ್ದಿಲ್ಲದೆ ಹಿಂದೆ ಸರಿ ಎಂದರು. ಅವರು ಒಪ್ಪಲಿಲ್ಲ. ಓಡಿ ಗೆದ್ದರು. ಸುದ್ದಿ ಪತ್ರಿಕೆಗೆ ಹೋಯಿತು. ವಿದ್ಯಾರ್ಥಿವೇತನ ಹೋಯಿತು, ದಾಖಲೆ ಅಳಿಸಿದರು, ಮದುವೆ ಆಗಬೇಕಿದ್ದ ಹುಡುಗ ಬಿಟ್ಟುಹೋದ.

ಅವರದು ಬೀಗ ಇಲ್ಲದ ಗುಂಪು. ಅವರ ಮೈ ಟೆಸ್ಟೋಸ್ಟೆರೋನನ್ನು ಒಂದು ಹನಿಯೂ ಬಳಸುತ್ತಿರಲಿಲ್ಲ. ಪಕ್ಕದ ಲೇನ್‌ನಲ್ಲಿ ಓಡುತ್ತಿದ್ದ ಬೇರೆ ಹೆಂಗಸರಿಗೆ ಆ ಹಾರ್ಮೋನ್‌ನಿಂದ ಸಿಗುವ ಅಷ್ಟಿಷ್ಟು ಬಲವೂ ಇವರಿಗೆ ಸಿಗುತ್ತಿರಲಿಲ್ಲ. 1988ರಲ್ಲಿ ಮತ್ತೆ ಓಡಬಹುದು ಎಂದರು. ಅಷ್ಟರಲ್ಲಿ ಓಟದ ವಯಸ್ಸು ಕಳೆದಿತ್ತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ, ಅವರ ಸ್ವಂತ ದೇಶದ ಒಲಿಂಪಿಕ್ಸ್‌ಗೆ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಅರ್ಹತೆ ತಪ್ಪಿತು.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದೇ ಎಸ್‌ಆರ್‌ವೈ ಹುಡುಕುವ ಟೆಸ್ಟ್ ಇತ್ತು. 3,387 ಹೆಂಗಸರಲ್ಲಿ 8 ಮಂದಿಗೆ ಪಾಸಿಟಿವ್ ಬಂತು. ಕೊನೆಗೆ ಎಂಟೂ ಜನರಿಗೆ ಆಡಲು ಬಿಟ್ಟರು. ಹೆಣ್ಣಿನ ವೇಷ ಹಾಕಿದ ಗಂಡು ಒಬ್ಬನೂ ಸಿಗಲಿಲ್ಲ. ವೈದ್ಯರ ಒತ್ತಾಯಕ್ಕೆ ಒಲಿಂಪಿಕ್ ಸಮಿತಿ 1999ರಲ್ಲಿ ಎಲ್ಲರಿಗೂ ಟೆಸ್ಟ್ ಮಾಡುವುದನ್ನು ಕೈಬಿಟ್ಟಿತು.

ಎಲ್ಲರಿಗೂ ಮಾಡುವುದನ್ನು ಬಿಟ್ಟರು ಅಂದೆ. ಇಲ್ಲಿಂದಲೇ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಶುರುವಾಗುತ್ತದೆ. ಆಮೇಲೆ 'ಅನುಮಾನ ಬಂದವರಿಗೆ ಮಾತ್ರ' ಎಂಬ ಪದ್ಧತಿ ಬಂತು. ಅನುಮಾನ ಯಾರ ಮೇಲೆ ಬರುತ್ತದೆ? ಕಣ್ಣಿಗೆ 'ಹೆಣ್ಣಿನ ಹಾಗೆ' ಕಾಣದವರ ಮೇಲೆ. ಹೆಣ್ಣು ಹೀಗಿರಬೇಕು ಎಂಬ ಚಿತ್ರ ಯಾರ ತಲೆಯಲ್ಲಿದೆ? ಹೆಂಗಸರ ಟೆಸ್ಟೋಸ್ಟೆರೋನ್‌ಗೆ ಮಿತಿ ಹಾಕಿದ 2011ರ ನಿಯಮದ ಜೊತೆ ವೈದ್ಯರಿಗೆ ಕೊಟ್ಟ ಸೂಚನೆಯಲ್ಲಿ ಮೈಮೇಲಿನ ಕೂದಲಿಗೆ ಅಂಕ ಕೊಡುವ ಪಟ್ಟಿ ಇತ್ತು, ಸ್ತನದ ಬೆಳವಣಿಗೆ ನೋಡುವ ಚಿತ್ರ ಇತ್ತು. ಲ್ಯಾಬ್‌ಗಿಂತ ಮೊದಲು ಕಣ್ಣೇ ಟೆಸ್ಟ್ ಮಾಡಿ ಮುಗಿಸಿರುತ್ತದೆ.

ಕ್ಯಾಸ್ಟರ್ ಸೆಮೆನ್ಯಾ ಹೆಸರು ಕೇಳಿರುತ್ತೀರಿ. ದಕ್ಷಿಣ ಆಫ್ರಿಕಾದ ಹಳ್ಳಿ ಹುಡುಗಿ. 2009ರಲ್ಲಿ ಬರ್ಲಿನ್‌ನಲ್ಲಿ 800 ಮೀಟರ್ ವಿಶ್ವ ಚಾಂಪಿಯನ್ ಆದಾಗ 18 ವರ್ಷ. ಅವರ ಲಿಂಗ ಪರೀಕ್ಷೆ ನಡೆಯುತ್ತಿದೆ ಎಂಬ ಸುದ್ದಿ ಫೈನಲ್ ಓಟದ ದಿನವೇ ಜಗತ್ತಿಗೆ ಗೊತ್ತಾಯಿತು. ಗೆದ್ದ ಹುಡುಗಿ ಚಿನ್ನದ ಪದಕ ಹಾಕಿಕೊಂಡು ನಿಂತಾಗ ಇಡೀ ಪ್ರಪಂಚ ಅವಳ ತೊಡೆ ನಡುವೆ ಏನಿದೆ ಎಂದು ಚರ್ಚೆ ಮಾಡುತ್ತಿತ್ತು. ಇದನ್ನು ಬರೆಯುವಾಗ ಈಗಲೂ ನನಗೆ ಕೈ ನಡುಗುತ್ತದೆ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ 800 ಮೀಟರ್‌ನ ಮೂರೂ ಪದಕ ಆಫ್ರಿಕಾಕ್ಕೆ ಹೋದವು. ಸೆಮೆನ್ಯಾ, ಬುರುಂಡಿಯ ನಿಯೊನ್ಸಾಬಾ, ಕೀನ್ಯಾದ ವಂಬುಯಿ. ಐದನೆಯವರಾಗಿ ಬಂದ ಯುರೋಪಿನ ಓಟಗಾರ್ತಿಯೊಬ್ಬರು, ತಾನು ಯುರೋಪಿನವರಲ್ಲಿ ಮೊದಲು, ಬಿಳಿಯರಲ್ಲಿ ಎರಡನೆಯವಳು, ಅದಕ್ಕೆ ಖುಷಿ ಎಂಬರ್ಥದಲ್ಲಿ ಮಾತಾಡಿದ್ದು ವರದಿಯಾಯಿತು. ಹಾರ್ಮೋನ್ ಬಗ್ಗೆ ಮಾತಾಡುತ್ತಿದ್ದವರು ಬಣ್ಣದ ಮಾತಿಗೆ ಹೇಗೆ ಬಂದರು? ಎರಡೂ ಒಂದೇ ದಾರದಲ್ಲಿ ಪೋಣಿಸಿಕೊಂಡಿದ್ದವು ಅನ್ನುವುದೇ ನನ್ನ ಉತ್ತರ.

ಇನ್ನೊಂದು ಕಾರಣವೂ ಇದೆ. ಇದನ್ನು ಜನ ಕಡಿಮೆ ಮಾತಾಡುತ್ತಾರೆ. ಶ್ರೀಮಂತ ದೇಶಗಳಲ್ಲಿ ಡಿಎಸ್‌ಡಿ ಇರುವ ಮಕ್ಕಳನ್ನು ಎಷ್ಟೋ ಸಲ ಹುಟ್ಟಿದಾಗಲೇ ಗುರುತಿಸುತ್ತಾರೆ. ಎಳೆತನದಲ್ಲೇ ಆಪರೇಷನ್ ಮಾಡಿ, ವೃಷಣ ತೆಗೆದುಬಿಟ್ಟ ಮಕ್ಕಳು ಎಷ್ಟೋ. ಅದು ಸರಿಯೇ ಎಂಬುದು ಬೇರೆ ದೊಡ್ಡ ಜಗಳ. ಏನೇ ಆಗಲಿ, ಅವರು ಓಟದ ಮೈದಾನಕ್ಕೆ ಬರುವ ಹೊತ್ತಿಗೆ ರಕ್ತದಲ್ಲಿ ಟೆಸ್ಟೋಸ್ಟೆರೋನ್ ಇರುವುದಿಲ್ಲ. ನಮ್ಮ ಹಳ್ಳಿಯಲ್ಲಿ ಸೂಲಗಿತ್ತಿ 'ಹೆಣ್ಣು ಮಗು' ಅಂದರೆ ಮುಗಿಯಿತು. ಮತ್ತೆ ಯಾರೂ ನೋಡುವುದಿಲ್ಲ. ಜೊತೆಗೆ, ನಾನು ಹೇಳಿದ ಕಿಣ್ವದ ಕೊರತೆ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಸೋದರಮಾವ, ಅತ್ತೆ ಮಗ ಎಂದು ಸಂಬಂಧದಲ್ಲೇ ಮದುವೆ ಮಾಡುವ ನಮ್ಮ ಕಡೆ ಅಂಥ ಕಾಯಿಲೆಗಳು ಸ್ವಲ್ಪ ಜಾಸ್ತಿ. ಇದರಲ್ಲಿ ಹುಡುಗಿಯ ತಪ್ಪು ಏನಿದೆ?

ನಮ್ಮವರ ವಿಷಯಕ್ಕೆ ಬರೋಣ. ಶಾಂತಿ ಸೌಂದರರಾಜನ್, ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯವರು. ದಲಿತ ಕುಟುಂಬ. ಅಪ್ಪ ಅಮ್ಮ ಇಟ್ಟಿಗೆ ಗೂಡಿನ ಕೂಲಿಗಳು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದರು. ಅದು ನಿಮ್ಮ ಹುಡುಗಿ ಓಡುವ ಓಟವೇ. ಮರುದಿನ ಕರೆದರು. ತಮಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುವ ವೈದ್ಯರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಬೇಕಾಯಿತು. ರಕ್ತ ತೆಗೆದರು. ಯಾಕೆ ಎಂದು ಹೇಳಲಿಲ್ಲ. ಊರಿಗೆ ಬಂದ ಮೇಲೆ ಟಿವಿಯಲ್ಲಿ ಅವರದೇ ಸುದ್ದಿ. ಪದಕ ಕಿತ್ತುಕೊಂಡರು. ಸಾಯಲು ಹೊರಟಿದ್ದವರನ್ನು ಉಳಿಸಿಕೊಂಡರು. ಏಷ್ಯನ್ ಗೇಮ್ಸ್ ಓಡಿದ ಕಾಲುಗಳು ಇಟ್ಟಿಗೆ ಗೂಡಿಗೆ ದಿನಗೂಲಿಗೆ ಹೋದವು. ಆಮೇಲೆ ನಮ್ಮ ಬೆಂಗಳೂರಿಗೆ ಬಂದು ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಕೋಚಿಂಗ್ ಡಿಪ್ಲೊಮಾ ಮುಗಿಸಿದರು, ತಮಿಳುನಾಡಿನಲ್ಲಿ ಕೋಚ್ ಆದರು. ಆ ಹೆಣ್ಣುಮಗಳ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ. ಅಂದು ಆ ಕೋಣೆಯಲ್ಲಿ ಅವರ ಪಕ್ಕ ಅವರ ಭಾಷೆ ಬಲ್ಲ ಒಬ್ಬ ಅಕ್ಕ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಒಡಿಶಾದ ದ್ಯುತಿ ಚಂದ್ ನೇಕಾರರ ಮನೆಯ ಹುಡುಗಿ. 2014ರಲ್ಲಿ, 18ನೇ ವಯಸ್ಸಿಗೆ, ದೆಹಲಿಯಲ್ಲಿ ಅಲ್ಟ್ರಾಸೌಂಡ್ ಮಾಡಿದರು. ಆಮೇಲೆ ಬೆಂಗಳೂರಿನಲ್ಲಿ ಇನ್ನಷ್ಟು ಪರೀಕ್ಷೆ. ಗ್ಲಾಸ್ಗೊ ಕಾಮನ್‌ವೆಲ್ತ್ ಕೂಟಕ್ಕೆ ಕೆಲವೇ ದಿನ ಇರುವಾಗ ತಂಡದಿಂದ ಕೈಬಿಟ್ಟರು. ಔಷಧಿ ತಿಂದೋ ಆಪರೇಷನ್ ಮಾಡಿಸಿಕೊಂಡೋ ಹಾರ್ಮೋನ್ ಇಳಿಸಿಕೊಂಡು ಬಾ ಎಂಬುದು ನಿಯಮ. ಅವರು ಆಗುವುದಿಲ್ಲ ಅಂದರು. ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋದರು. 2015ರ ಜುಲೈನಲ್ಲಿ ಆ ಮಂಡಳಿ ನಿಯಮವನ್ನೇ ಎರಡು ವರ್ಷ ತಡೆಹಿಡಿಯಿತು. ಹಾರ್ಮೋನ್‌ನಿಂದ ಎಷ್ಟು ಲಾಭ ಸಿಗುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಕೊಟ್ಟಿಲ್ಲ ಎಂದಿತು. ದ್ಯುತಿ 2018ರ ಏಷ್ಯನ್ ಗೇಮ್ಸ್‌ನಲ್ಲಿ 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ ಗೆದ್ದರು. 2023ರಲ್ಲಿ ಅವರಿಗೆ ಬಂದ 4 ವರ್ಷದ ನಿಷೇಧ ಉದ್ದೀಪನ ಔಷಧಿಯ ವಿಷಯ. ವಾಟ್ಸಾಪ್‌ನಲ್ಲಿ ಎರಡನ್ನೂ ಕಲಸಿ ಹಂಚುತ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲ.

ಹಾಗಾದರೆ ಈ ಹಾರ್ಮೋನ್‌ನಿಂದ ಲಾಭವೇ ಇಲ್ಲವಾ? ಇದೆ, ಮೇಡಂ. ಪ್ರಾಮಾಣಿಕವಾಗಿ ಹೇಳಬೇಕು. ಗಂಡಸರ ಓಟಕ್ಕೂ ಹೆಂಗಸರ ಓಟಕ್ಕೂ ಶೇಕಡಾ 10ರಿಂದ 12ರಷ್ಟು ಅಂತರ ಇರುವುದಕ್ಕೆ ದೊಡ್ಡ ಕಾರಣ, ಹರೆಯದಿಂದ ಮೈಯಲ್ಲಿ ಹರಿಯುವ ಟೆಸ್ಟೋಸ್ಟೆರೋನ್. ಹೆಂಗಸರಲ್ಲಿ ಅದು ಸಾಮಾನ್ಯವಾಗಿ ಒಂದು ಲೀಟರ್ ರಕ್ತಕ್ಕೆ 2 ನ್ಯಾನೊಮೋಲ್‌ಗಿಂತ (ಹಾರ್ಮೋನ್ ಅಳೆಯುವ ಮಾನ) ಕಡಿಮೆ. ಗಂಡಸರಲ್ಲಿ ಸುಮಾರು 8ರಿಂದ 29. ಆ ಅಂತರ ಇರುವುದರಿಂದಲೇ ಹೆಂಗಸರಿಗೆ ಬೇರೆ ವಿಭಾಗ ಬೇಕಾಯಿತು. ಅದನ್ನು ಕಾಪಾಡಬೇಕು ಎನ್ನುವವರೆಲ್ಲ ಕೆಟ್ಟವರಲ್ಲ. ನಾಲ್ಕನೇ ಸ್ಥಾನಕ್ಕೆ ಬಂದು ಅಳುವ ಹುಡುಗಿಯ ಅಳುವೂ ಅಳುವೇ.

ಪ್ರಶ್ನೆ ಇರುವುದು ಎಷ್ಟು ಲಾಭ ಅನ್ನುವುದರಲ್ಲಿ. ಗಂಡಸರ 800 ಮೀಟರ್ ವಿಶ್ವದಾಖಲೆ 1 ನಿಮಿಷ 40.91 ಸೆಕೆಂಡ್. ಹೆಂಗಸರದು 1 ನಿಮಿಷ 53.28 ಸೆಕೆಂಡ್, 1983ರಲ್ಲಿ ಆದದ್ದು. 'ಗಂಡಸು' ಎಂದು ಜರೆಸಿಕೊಂಡ ಸೆಮೆನ್ಯಾ ಜೀವನದಲ್ಲಿ ಓಡಿದ ಅತಿ ವೇಗದ ಓಟ 1 ನಿಮಿಷ 54.25 ಸೆಕೆಂಡ್. ಗಂಡಸರ ದಾಖಲೆಗೆ 13 ಸೆಕೆಂಡ್ ದೂರ. ಹೆಂಗಸರ ಹಳೇ ದಾಖಲೆಯನ್ನೂ ಅವರು ಮುಟ್ಟಲಿಲ್ಲ. ಇದು ಒಂದು ಮಗ್ಗುಲು. ಇನ್ನೊಂದು ಮಗ್ಗುಲು ನೋಡಿ. ರಿಯೊ ಫೈನಲ್‌ನಲ್ಲಿ ಮೊದಲು ಬಂದವರಿಗೂ ಆರನೆಯವರಿಗೂ ನಡುವೆ ಇದ್ದದ್ದು 2.41 ಸೆಕೆಂಡ್. ಅಂದರೆ ಶೇಕಡಾ 2. ಆ ಮಟ್ಟದಲ್ಲಿ ಶೇಕಡಾ ಎರಡು ಸಿಕ್ಕಿದರೂ ಪದಕ ಬದಲಾಗುತ್ತದೆ. ಎರಡೂ ನಿಜ.

ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಆಧಾರ ಮಾಡಿಕೊಂಡ ಸಂಶೋಧನೆ 2017ರಲ್ಲಿ ಬಂತು, ಬರೆದವರು ಅದೇ ಸಂಸ್ಥೆಯ ಜೊತೆ ಕೆಲಸ ಮಾಡುವವರು. ಅದರ ಪ್ರಕಾರ ಟೆಸ್ಟೋಸ್ಟೆರೋನ್ ಹೆಚ್ಚಿರುವ ಹೆಂಗಸರಿಗೂ ಕಡಿಮೆ ಇರುವವರಿಗೂ 800 ಮೀಟರ್‌ನಲ್ಲಿ ಶೇಕಡಾ 1.8 ವ್ಯತ್ಯಾಸ. ಹ್ಯಾಮರ್ ಎಸೆತದಲ್ಲಿ ಶೇಕಡಾ 4.5, ಪೋಲ್ ವಾಲ್ಟ್‌ನಲ್ಲಿ 2.9. ಆದರೆ 2018ರಲ್ಲಿ ಬಂದ, ಟೆಸ್ಟೋಸ್ಟೆರೋನ್‌ಗೆ ಮಿತಿ ಹಾಕುವ ನಿಯಮ ಹ್ಯಾಮರ್‌ಗೂ ಇಲ್ಲ, ಪೋಲ್ ವಾಲ್ಟ್‌ಗೂ ಇಲ್ಲ. 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಕ್ಕೆ ಮಾತ್ರ. ಅಂದರೆ ಸೆಮೆನ್ಯಾ ಓಡುವ ಓಟಗಳಿಗೆ. ನನಗೆ ಇದು ಸರಿ ಕಾಣಲಿಲ್ಲ, ಇವತ್ತಿಗೂ ಕಾಣುವುದಿಲ್ಲ. 2021ರಲ್ಲಿ ಅದೇ ಲೇಖಕರು, ಈ ಅಂಕಿಗಳು ಹಾರ್ಮೋನೇ ಕಾರಣ ಎಂದು ಸಾಬೀತು ಮಾಡುವುದಿಲ್ಲ ಎಂದು ತಿದ್ದುಪಡಿ ಬರೆದರು. 2023ರಲ್ಲಿ ನಿಯಮವನ್ನು ಎಲ್ಲ ಸ್ಪರ್ಧೆಗಳಿಗೂ ಹಬ್ಬಿಸಿದರು, ಮಿತಿಯನ್ನು 2.5 ನ್ಯಾನೊಮೋಲ್‌ಗೆ ಇಳಿಸಿದರು.

ಸೆಮೆನ್ಯಾ ಸುಮ್ನೆ ಕೂರಲಿಲ್ಲ. 2019ರಲ್ಲಿ ಕ್ರೀಡಾ ನ್ಯಾಯಮಂಡಳಿ ಅವರ ಅರ್ಜಿ ತಳ್ಳಿಹಾಕಿತು. ಈ ನಿಯಮ ತಾರತಮ್ಯ ಮಾಡುತ್ತದೆ ಎಂದು ಒಪ್ಪಿಕೊಂಡೇ, ಆದರೂ ಅಗತ್ಯ ಎಂದಿತು. 2025ರ ಜುಲೈ 10ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ದೊಡ್ಡ ಪೀಠ, ಅವರು ಮೇಲ್ಮನವಿ ಹಾಕಿದ್ದ ಸ್ವಿಟ್ಜರ್ಲೆಂಡಿನ ಕೋರ್ಟು ಅವರಿಗೆ ನ್ಯಾಯವಾದ ವಿಚಾರಣೆ ಕೊಡಲಿಲ್ಲ ಎಂದು ತೀರ್ಪು ಕೊಟ್ಟಿತು. ನಿಯಮ ಮಾತ್ರ ಹಾಗೇ ಉಳಿಯಿತು.

ಇದೆಲ್ಲಕ್ಕಿಂತ ನನಗೆ ಹೊಟ್ಟೆ ಉರಿಯುವುದು ಒಂದು ವೈದ್ಯಕೀಯ ಲೇಖನ ನೆನೆದಾಗ. 2013ರಲ್ಲಿ ಫ್ರಾನ್ಸ್‌ನ ವೈದ್ಯರು ಬರೆದದ್ದು. ಬಡ ದೇಶಗಳ ಹಳ್ಳಿ ಮತ್ತು ಗುಡ್ಡಗಾಡಿನಿಂದ ಬಂದ ನಾಲ್ವರು ಕ್ರೀಡಾಪಟು ಹುಡುಗಿಯರು, ವಯಸ್ಸು 18ರಿಂದ 21. ಅವರ ವೃಷಣ ತೆಗೆದರು. ಹಾಗೇ ಬಿಟ್ಟರೆ ಆರೋಗ್ಯಕ್ಕೆ ತೊಂದರೆ ಇಲ್ಲ ಎಂದು ಅದೇ ಲೇಖನದಲ್ಲಿ ಬರೆದಿದ್ದಾರೆ. ಚಂದ್ರನಾಡಿಯ (ಕ್ಲಿಟೊರಿಸ್, ಯೋನಿಯ ಮೇಲ್ತುದಿಯ ಸೂಕ್ಷ್ಮ ಅಂಗ) ಸ್ವಲ್ಪ ಭಾಗವನ್ನೂ ಕತ್ತರಿಸಿದರು. ಅದಕ್ಕೂ ಓಟಕ್ಕೂ ಏನು ಸಂಬಂಧ? ಯುಗಾಂಡಾದ ಓಟಗಾರ್ತಿ ಆನೆಟ್ ನೆಗೆಸಾ ಎಂಬವರು ತಮಗೂ 2012ರಲ್ಲಿ ಇಂಥ ಆಪರೇಷನ್ ಆಯಿತು, ಏನು ಮಾಡುತ್ತಿದ್ದಾರೆ ಎಂದು ಸರಿಯಾಗಿ ತಿಳಿಸಿರಲಿಲ್ಲ ಎಂದು ಬಹಿರಂಗವಾಗಿ ಹೇಳಿದ್ದಾರೆ. ನಾನೂ ಡಾಕ್ಟರು. ರೋಗಿಗೆ ಬೇಡದ ಆಪರೇಷನ್ನು ನಿಯಮಕ್ಕೋಸ್ಕರ ಮಾಡುವುದು ನಮ್ಮ ಕೆಲಸ ಅಲ್ಲ. ವಿಶ್ವ ವೈದ್ಯಕೀಯ ಸಂಘ 2019ರಲ್ಲಿ, ಇಂಥ ನಿಯಮಗಳನ್ನು ಜಾರಿ ಮಾಡಲು ಕೈ ಜೋಡಿಸಬೇಡಿ ಎಂದು ವೈದ್ಯರಿಗೆ ಕರೆ ಕೊಟ್ಟಿತು. ಅದರ ಪರ ನಾನಿದ್ದೇನೆ.

ಈಗ ಎಸ್‌ಆರ್‌ವೈ ಟೆಸ್ಟ್ ಪರ ಇರುವವರು ಒಂದು ಮಾತು ಹೇಳುತ್ತಾರೆ. ಎಲ್ಲರಿಗೂ ಮಾಡಿದರೆ ಕಪ್ಪು ಬಿಳಿ ಎಂಬ ಭೇದ ಇಲ್ಲ, ಕಣ್ಣಿನ ಅನುಮಾನಕ್ಕೆ ಜಾಗ ಇಲ್ಲ ಎಂದು. ಇದರಲ್ಲಿ ಸ್ವಲ್ಪ ಸತ್ಯ ಇದೆ. ಆದರೆ ಪಾಸಿಟಿವ್ ಬಂದ ಮೇಲೆ ಯಾರಿಗೆ ಏನಾಗುತ್ತದೆ? ದೊಡ್ಡ ಊರಿನ ಹುಡುಗಿಗೆ ಕುಟುಂಬದ ಡಾಕ್ಟರು, ವಕೀಲರು, ಆಪ್ತ ಸಲಹೆಗಾರರು ಸಿಗಬಹುದು. ಹಳ್ಳಿ ಹುಡುಗಿಗೆ ಸಿಗುವುದು ಒಂದು ಫೋನ್ ಕರೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ಅಲ್ಜೀರಿಯಾದ ಬಾಕ್ಸರ್ ಇಮಾನ್ ಖಲೀಫ್‌ಗೆ ಏನಾಯಿತು ನೋಡಿದಿರಲ್ಲ. ಹೆಣ್ಣಾಗಿ ಹುಟ್ಟಿ ಹೆಣ್ಣಾಗಿಯೇ ಬೆಳೆದವರು. ಎದುರಾಳಿ 46 ಸೆಕೆಂಡಿಗೆ ಆಟ ಬಿಟ್ಟ ಕೂಡಲೇ ಇಡೀ ಜಗತ್ತು 'ಗಂಡಸು' ಎಂದು ಕೂಗಿತು. ಎಷ್ಟೋ ಜನ ಅವರನ್ನು ಟ್ರಾನ್ಸ್‌ಜೆಂಡರ್ ಎಂದೂ ಬರೆದರು. ಅದು ಬೇರೆಯೇ ವಿಷಯ. ಅದನ್ನು ಇಲ್ಲಿ ಎಳೆಯುವುದಿಲ್ಲ.

ಫೋನ್ ಕರೆ ಅಂದೆನಲ್ಲ, ನನ್ನ ಕ್ಲಿನಿಕ್‌ನ ಒಂದು ದಿನ ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನ ಮಾತು. ಊರು, ಆಟ ಹೇಳುವುದಿಲ್ಲ. 17 ವರ್ಷದ ಹುಡುಗಿ, ಅಮ್ಮನ ಜೊತೆ ಬಂದಿದ್ದಳು. ಇನ್ನೂ ಮೈನೆರೆದಿರಲಿಲ್ಲ. ತಂಡದವರು ಯಾರೋ ಒಂದು ಲ್ಯಾಬ್‌ಗೆ ಕಳಿಸಿ ಕ್ರೋಮೋಸೋಮ್ ಟೆಸ್ಟ್ ಮಾಡಿಸಿದ್ದರು. ವರದಿ ಅವಳ ಕೈಗೆ ಬರುವ ಮುಂಚೆಯೇ ತಂಡದ ವಾಟ್ಸಾಪ್ ಗುಂಪಿಗೆ ಫೋಟೊ ಹೋಗಿತ್ತು. ಅವಳು ಅದನ್ನು ನೋಡಿದ್ದು ಬಸ್ಸಿನಲ್ಲಿ. ನನ್ನ ಎದುರು ಕೂತು ಅವಳು ಕೇಳಿದ ಮೊದಲ ಪ್ರಶ್ನೆ ಆಟದ್ದಲ್ಲ. 'ಡಾಕ್ಟ್ರೇ, ನಾನು ಇನ್ನು ಹೆಂಗಸರ ಟಾಯ್ಲೆಟ್‌ಗೆ ಹೋಗಬಹುದಾ?' ಅಂದಳು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೋಗಬಹುದು ಮಗಳೇ, ನೀನು ನಿನ್ನೆ ಏನಾಗಿದ್ದೆಯೋ ಇವತ್ತೂ ಅದೇ ಎಂದು ಹೇಳಲು ನನಗೆ ಒಂದು ಗಂಟೆ ಬೇಕಾಯಿತು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವಳು ಆ ಕಾಗದ ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡಳು. ಆಟಕ್ಕೆ ಮತ್ತೆ ಹೋಗಲಿಲ್ಲ.

ಇನ್ನು ನಿಮ್ಮ ಹುಡುಗಿ. ನೀವು ಬರೆದಿರುವುದರಲ್ಲಿ ನನಗೆ ಅಸಹಜ ಎನ್ನುವಂಥದ್ದು ಏನೂ ಕಾಣಲಿಲ್ಲ. ಕಪ್ಪು ಬಣ್ಣ ರೋಗಲಕ್ಷಣ ಅಲ್ಲ. ಎತ್ತರವೂ ಅಲ್ಲ. ಮೈದಾನದಲ್ಲಿ ಬೆವರು ಸುರಿಸುವ ಹುಡುಗಿಗೆ ತೋಳು ಗಟ್ಟಿಯಾಗದೆ ಇನ್ನೇನು ಆಗಬೇಕು? ದಪ್ಪ ಧ್ವನಿಯ ಹೆಂಗಸರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಜೋರಾಗಿ ಓಡುವ, ಮರ ಹತ್ತುವ ಹುಡುಗಿಗೆ ನಾವು 'ಗಂಡುಬೀರಿ' ಎಂದು ಹೆಸರಿಟ್ಟುಬಿಡುತ್ತೇವೆ. ಆ ಕೋಚ್ ಹೇಳಿದ್ದು ಅದೇ ಹಳೇ ಬೈಗುಳ. ಜೀನ್ ಎಂಬ ಹೊಸ ಪದ ಸೇರಿಸಿಕೊಂಡಿದ್ದಾರೆ ಅಷ್ಟೇ.

ಒಂದು ವಿಷಯ ಮಾತ್ರ ಅವಳ ಅಮ್ಮನ ಹತ್ತಿರ ಮೆಲ್ಲಗೆ ಕೇಳಿ. ಅವಳು ದೊಡ್ಡವಳಾಗಿದ್ದಾಳಾ? ಆಗಿದ್ದು, ಮುಟ್ಟು ಸರಿಯಾಗಿ ಬರುತ್ತಿದ್ದರೆ ನಾನು ಹೇಳಿದ ಡಿಎಸ್‌ಡಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ತಿಂಗಳು ತಪ್ಪುತ್ತಿದ್ದು, ಮುಖದ ಮೇಲೆ ಕೂದಲು ಜಾಸ್ತಿ ಇದ್ದರೆ ಅದು ಪಿಸಿಒಡಿ, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರು ಇರಬಹುದು, ತುಂಬಾ ಸಾಮಾನ್ಯ. ಇನ್ನೂ ಮುಟ್ಟೇ ಆಗಿಲ್ಲ ಎಂದರೆ, 16 ತುಂಬುವುದರೊಳಗೆ ಒಮ್ಮೆ ಡಾಕ್ಟರಿಗೆ ತೋರಿಸಿ. ಅದಕ್ಕೆ ಓಟದ ಕಾರಣ ಬೇಡ. ಅವಳ ಮೂಳೆ ಗಟ್ಟಿಯಾಗಿರಬೇಕು, ಮುಂದಿನ ಆರೋಗ್ಯ ಚೆನ್ನಾಗಿರಬೇಕು ಎಂಬ ಕಾರಣ ಸಾಕು. ಜಾಸ್ತಿ ಓಡಿ ಕಡಿಮೆ ತಿನ್ನುವ ಹುಡುಗಿಯರಿಗೂ ಮುಟ್ಟು ತಡವಾಗುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಡುತ್ತಾಳಾ, ಮನೆಯಲ್ಲಿ ಏನು ಊಟ, ಅದನ್ನೂ ವಿಚಾರಿಸಿ. ನನಗೆ ಅನುಭವದಲ್ಲಿ ಹೆಚ್ಚು ಸಿಗುವ ಕಾರಣ ಅದೇ. ರಕ್ತಹೀನತೆ ಇದೆಯಾ ಎಂದು ನೋಡಿಸಿ. ಯಾವ ಟೆಸ್ಟ್ ಮಾಡಿಸಿದರೂ ವರದಿ ಅವಳದು ಮತ್ತು ಅವಳ ಅಪ್ಪ ಅಮ್ಮನದು. ಶಾಲೆಯ ಫೈಲಿಗೂ ಬೇಡ, ಮುಖ್ಯ ಶಿಕ್ಷಕರ ಮೇಜಿಗೂ ಬೇಡ, ಯಾರ ಮೊಬೈಲಿಗೂ ಬೇಡ.

ಆ ಕೋಚ್‌ಗೆ ನೀವೇ ಫೋನ್ ಮಾಡಿ. ಹುಡುಗಿಯ ಮುಂದೆ ಆ ಮಾತು ಆಡಿದ್ದು ತಪ್ಪು, ಮತ್ತೆ ಆಡಿದರೆ ಲಿಖಿತ ದೂರು ಕೊಡುತ್ತೇನೆ ಎಂದು ಹೇಳಿ. ಆಮೇಲೆ ಕೊಡಲೂ ಹಿಂಜರಿಯಬೇಡಿ. 15 ವರ್ಷದ ಮಗುವಿನ ಮೈ ಬಗ್ಗೆ ಸಾರ್ವಜನಿಕವಾಗಿ ಆಡಿದ ಮಾತು ಅದು.

ಅವಳ ಮನೆಗೆ ಹೋದಾಗ ಶಾಂತಿ ಅವರ ವಿಷಯ ಈಗಲೇ ಹೇಳಬೇಡಿ, ಹೆದರುತ್ತಾಳೆ. ಓಟದ ಬೂಟು ಅಲ್ಲೇ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಎಂದಿನಂತೆ ಮೈದಾನದಲ್ಲಿ ಕಾಯುತ್ತೇನೆ ಎಂದು ಹೇಳಿ ಬನ್ನಿ. ಬರದಿದ್ದರೆ ನಾಡಿದ್ದು ಮತ್ತೆ ಹೋಗಿ.